ಎಲೆಯ ಮೇಲಿನ ಹುಳು ಯಾವುದು? ರೂಪ ಮತ್ತು ಆಹಾರದ ಗಿಡ ನೋಡಿ ಗುರುತಿಸುವ ಕುರಿತು ಚರ್ಚೆ

ಚಿಂಚೋಳಿ ಶಿಕ್ಷಕಿ:

ವೇದಿಕೆಯ ಎಲ್ಲರಿಗೂ ಶರಣು ಶರಣಾರ್ಥಿ. ದಸರಾ ರಜೆ ಮುಗಿದ ಮೇಲೆ ನಮ್ಮ ಶಾಲೆಯ ಮಕ್ಕಳು ಊರ ಸುತ್ತಲಿನ ಗಿಡಗಳ ಮೇಲೆ ಕಾಣುವ ಹುಳುಗಳ ದಾಖಲೆ ಮಾಡತೊಡಗಿದ್ದಾರೆ. ಚಿಟ್ಟೆಗಳ ಚಿತ್ರಗಳು ಧಾರಾಳವಾಗಿ ಸಿಗುತ್ತವೆ, ಆದರೆ ಅವುಗಳ ಮರಿಹುಳುಗಳ ಚಿತ್ರ ಸಿಗುವುದು ಕಡಿಮೆ. ಸಿಕ್ಕರೂ ಅದು ಮಲೆನಾಡಿನದೋ ಹೊರದೇಶದ್ದೋ ಆಗಿರುತ್ತದೆ. ಹೀಗಾಗಿ ಸದ್ಯಕ್ಕೆ ನಾಲ್ಕು ಹುಳುಗಳ ವಿವರವನ್ನು ಇಲ್ಲಿ ಇಡುತ್ತಿದ್ದೇನೆ.

ಮೊದಲನೆಯದು ಎಕ್ಕೆಯ ಗಿಡದ ಮೇಲಿತ್ತು. ಮೈಮೇಲೆ ಕೂದಲಿಲ್ಲ, ಬಿಳಿ ಮತ್ತು ಕಪ್ಪು ಪಟ್ಟೆಗಳ ನಡುವೆ ಹಳದಿ ಗುರುತುಗಳಿವೆ, ಬೆನ್ನ ಮೇಲೆ ಕಪ್ಪು ಮೀಸೆಯಂತಹ ಎಳೆಗಳಿವೆ. ಎರಡನೆಯದು ಔಡಲದ ಎಲೆಯ ಮೇಲೆ ಸಿಕ್ಕಿತು. ಮೈತುಂಬ ಮುಳ್ಳುಗಳಿದ್ದುದರಿಂದ ಮಕ್ಕಳನ್ನು ಮುಟ್ಟಗೊಡಲಿಲ್ಲ. ಮೂರನೆಯದು ಅಡವಿಯಂಚಿನ ಬೀಡಿ ಎಲೆ ಮರದ ಮೇಲಿತ್ತು. ಹಸಿರು ಬಣ್ಣದ ಈ ಹುಳುವಿನ ಎರಡೂ ಪಕ್ಕಕ್ಕೆ ಗರಿಯಂತಹ ಉದ್ದನೆಯ ಕವಲುಗಳು ಚಾಚಿಕೊಂಡು ಎಲೆಗೆ ಅಂಟಿಕೊಂಡಿದ್ದವು. ಒಬ್ಬ ಹುಡುಗ ಬೆರಳಿಟ್ಟು ತೋರಿಸುವವರೆಗೂ ಅಲ್ಲಿ ಹುಳುವಿದೆ ಎಂಬುದೇ ನಮಗೆ ತಿಳಿಯಲಿಲ್ಲ. ನಾಲ್ಕನೆಯದು ಶಾಲೆಯ ಕೈತೋಟದ ಮೂಲಂಗಿಯ ಎಲೆಯಲ್ಲಿ ತೂತು ಮಾಡುತ್ತಿದ್ದ ಕಪ್ಪು ಹಸಿರಿನ ಸಣ್ಣ ಹುಳು. ಮುಟ್ಟಿದರೆ ಸುರುಳಿ ಸುತ್ತಿಕೊಂಡು ಕೆಳಗೆ ಬೀಳುತ್ತದೆ.

ಇವುಗಳ ಹೆಸರಷ್ಟೇ ಅಲ್ಲ, ಹೆಸರು ಹಿಡಿಯುವ ದಾರಿಯನ್ನೂ ತಿಳಿದವರು ಹೇಳಿಕೊಟ್ಟರೆ ಮಕ್ಕಳಿಗೆ ಬಹಳ ಉಪಕಾರವಾಗುತ್ತದೆ.

ಬೀದರ ಛಾಯಾಗ್ರಾಹಕ:

ಮೇಡಂ, ಮೊದಲನೆಯದರಲ್ಲಿ ಸಂಶಯವೇ ಇಲ್ಲ. ಎಕ್ಕೆಯ ಮೇಲಿನ ಆ ಹುಳು ಪ್ಲೇನ್ ಟೈಗರ್ ಚಿಟ್ಟೆಯದು. ಬೀದರ ಕೋಟೆಯ ಸುತ್ತಲಿನ ಎಕ್ಕೆಯ ಪೊದೆಗಳಲ್ಲಿ ವರ್ಷದ ಬಹುಭಾಗ ಅದನ್ನು ಕಾಣಬಹುದು. ಬೆನ್ನ ಮೇಲಿನ ಕಪ್ಪು ಎಳೆಗಳು ಎಷ್ಟು ಜೋಡಿ ಇವೆ ಎಂದು ಮಕ್ಕಳಿಂದ ಎಣಿಸಿರಿ. ಮೂರು ಜೋಡಿ ಇರಬೇಕು: ತಲೆಯ ಹಿಂದೆ ಒಂದು, ನಡುವೆ ಒಂದು, ಬಾಲದ ಬಳಿ ಒಂದು.

ಈ ಎಣಿಕೆ ಬಹಳ ಉಪಯೋಗದ್ದು. ಮನೆಯಂಗಳದ ಕಣಗಿಲೆಯ ಮೇಲೆ ಇದೇ ತರಹದ ಪಟ್ಟೆಯ ಹುಳು ಸಿಕ್ಕಿ, ಅದಕ್ಕೆ ನಾಲ್ಕು ಜೋಡಿ ಎಳೆಗಳಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯ ಮರಿ. ಅದೇ ಬಳಗದ ಬ್ಲೂ ಟೈಗರ್ ಹುಳುವಿಗೆ ಎರಡೇ ಜೋಡಿ. ಅದು ಹಾಲು ಬರುವ ಕಾಡುಬಳ್ಳಿಗಳ ಮೇಲೆ ಬೆಳೆಯುತ್ತದೆ. ಸ್ಟ್ರೈಪ್ಡ್ ಟೈಗರ್‌ಗೂ ಮೂರೇ ಜೋಡಿ ಇರುವುದರಿಂದ ಅಲ್ಲಿ ಮಾತ್ರ ಎಣಿಕೆ ಸಾಲದು. ಅದರ ಮೈ ಹೆಚ್ಚು ಕಪ್ಪಾಗಿದ್ದು ಬಿಳಿ, ಹಳದಿ ಚುಕ್ಕೆಗಳಿಂದ ಕೂಡಿರುತ್ತದೆ ಮತ್ತು ಅದು ಸಾಮಾನ್ಯವಾಗಿ ಬಳ್ಳಿಗಳ ಮೇಲೆ ಇರುತ್ತದೆ.

ಇನ್ನೊಂದು ನೋಡುವಂಥ ಸಂಗತಿ ಇದೆ. ಬಲಿತ ಹುಳು ಎಕ್ಕೆಯ ಎಲೆಯನ್ನು ತಿನ್ನುವ ಮುನ್ನ ಅನೇಕ ಸಲ ನಡುನರವನ್ನೋ ತೊಟ್ಟನ್ನೋ ಅರ್ಧ ಕಚ್ಚಿ ಬಿಡುತ್ತದೆ. ಅಲ್ಲಿಂದ ಹಾಲು ಸೋರಿ ಹೋಗುತ್ತದೆ, ಎಲೆ ಜೋತು ಬೀಳುತ್ತದೆ, ಆಮೇಲೆ ಹುಳು ಆ ಗಾಯದಾಚೆಯ ಭಾಗವನ್ನು ಮೇಯುತ್ತದೆ. ಎಕ್ಕೆಯ ಗಿಡದಲ್ಲಿ ಒಂದೇ ಎಲೆ ಮುರಿದಂತೆ ಬಾಗಿದ್ದರೆ ಅದರ ಕೆಳಗೆ ಹುಡುಕಿ ನೋಡಿ.

ಕಲಬುರಗಿ ಕೀಟಶಾಸ್ತ್ರ:

ಶಿಕ್ಷಕಿಯವರೆ, ತಮ್ಮ ನಾಲ್ಕನೆಯ ಹುಳು ಚಿಟ್ಟೆಯದೂ ಅಲ್ಲ, ಪತಂಗದ್ದೂ ಅಲ್ಲ. ಮೂಲಂಗಿ, ಸಾಸಿವೆಗಳ ಎಲೆ ತಿನ್ನುವ, ಮುಟ್ಟಿದೊಡನೆ ಸುರುಳಿಯಾಗಿ ಬೀಳುವ ಆ ಕಪ್ಪು ಹುಳು ಸಾಸಿವೆಯ ಗರಗಸ ನೊಣದ ಮರಿ. ಹೆಸರಿನಲ್ಲಿ ನೊಣವೆಂದಿದ್ದರೂ ಅದು ಕಣಜ, ಜೇನುಗಳ ಬಳಗಕ್ಕೆ ಸೇರಿದ ಕೀಟ.

ಇದನ್ನು ಗುರುತಿಸಲು ಕಾಲುಗಳನ್ನು ಎಣಿಸಬೇಕು. ಯಾವುದೇ ಮರಿಹುಳುವಿಗೆ ಎದೆಯ ಭಾಗದಲ್ಲಿ ಮೂರು ಜೋಡಿ ಗಟ್ಟಿಯಾದ ನಿಜಗಾಲುಗಳಿರುತ್ತವೆ. ಅದರ ಹಿಂದೆ, ಹೊಟ್ಟೆಯ ಕೆಳಗೆ ಮಾಂಸಲವಾದ ಹುಸಿಗಾಲುಗಳಿರುತ್ತವೆ. ಚಿಟ್ಟೆ ಮತ್ತು ಪತಂಗಗಳ ಮರಿಗಳಲ್ಲಿ ಹುಸಿಗಾಲು ಸಾಮಾನ್ಯವಾಗಿ ಐದು ಜೋಡಿ: ನಡುವೆ ನಾಲ್ಕು, ಬಾಲದ ತುದಿಯಲ್ಲಿ ಒಂದು. ಐದಕ್ಕಿಂತ ಕಡಿಮೆ ಇರಬಹುದು. ಕೆಲವು ಹುಳುಗಳು ಮೈಯನ್ನು ಕಮಾನಿನಂತೆ ಎತ್ತಿ ಗೇಣು ಹಾಕುತ್ತ ನಡೆಯುವುದು ನಡುವಿನ ಹುಸಿಗಾಲುಗಳು ಇಲ್ಲದಿರುವುದರಿಂದಲೇ. ಆದರೆ ಹುಸಿಗಾಲು ಐದು ಜೋಡಿಗಿಂತ ಹೆಚ್ಚಿದ್ದರೆ ಅದನ್ನು ಗರಗಸ ನೊಣದ ಮರಿಯೆಂದು ತಿಳಿಯಬೇಕು. ತಮ್ಮ ಮೂಲಂಗಿಯ ಹುಳುವಿಗೆ ಎಂಟು ಜೋಡಿ ಇರುತ್ತವೆ. ಒಂದು ಭೂತಗನ್ನಡಿ ಕೊಟ್ಟರೆ ಮಕ್ಕಳು ತಾವೇ ಎಣಿಸಿ ಹೇಳುತ್ತಾರೆ.

ಔಡಲದ ಹುಳುವಿನ ಬಗ್ಗೆ ಇನ್ನಷ್ಟು ವಿವರ ಬೇಕು. ಮುಳ್ಳು ಎಂದು ತಾವು ಬರೆದಿದ್ದೀರಿ. ಆ ಮುಳ್ಳಿಗೆ ಸಣ್ಣ ಕವಲುಗಳಿದ್ದವೆ? ತಲೆಯ ಮೇಲೆ ಕೊಂಬಿನಂತಹ ಒಂದು ಜೋಡಿ ಇತ್ತೆ? ಹುಳು ಉದ್ದವಾಗಿತ್ತೋ, ಗಿಡ್ಡಗೆ ದಪ್ಪಗಿತ್ತೋ?

ಆಳಂದದ ತೊಗರಿ ರೈತ:

ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಬೇಕು. ನಮ್ಮ ತೊಗರಿ ಈಗ ಹೂವು ಮುಗಿದು ಕಾಯಿಗೆ ಬಂದಿದೆ. ಒಂದೇ ಹೊಲದಲ್ಲಿ ಹಸಿರು ಕೀಡೆಯೂ ಇದೆ, ಕಂದು ಬಣ್ಣದ್ದೂ ಇದೆ, ತಿಳಿಗೆಂಪಿನದೂ ಇದೆ. ಅಂಗಡಿಯವರು ಮೂರೂ ಬೇರೆ ಬೇರೆ ಕೀಡೆ ಎಂದು ಮೂರು ಬಗೆಯ ಔಷಧಿ ಕೊಡಲು ನೋಡುತ್ತಾರೆ. ಇದು ನಿಜವೆ?

ಕಲಬುರಗಿ ಕೀಟಶಾಸ್ತ್ರ:

ಅಣ್ಣಾವ್ರೆ, ಕ್ಷಮೆ ಕೇಳುವ ಮಾತೇ ಇಲ್ಲ. ಬೀದರ, ಕಲಬುರಗಿ, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಹುಳು ಗುರುತಿಸುವ ಮಾತು ಬಂದರೆ ತೊಗರಿಯ ಕಾಯಿಯನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಆ ತೊಗರಿಯನ್ನು ತಿನ್ನುವವರ ಗುರುತು ನಮಗೆ ಇನ್ನೂ ಸರಿಯಾಗಿ ಆಗಿಲ್ಲ. ಹೀಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ತಾವು ಹೇಳಿದ ಮೂರು ಬಣ್ಣಗಳೂ ಒಂದೇ ಕೀಡೆಯವಾಗಿರುವ ಸಂಭವವೇ ಹೆಚ್ಚು. ಕಾಯಿಕೊರಕ, ಅಂದರೆ ಹೆಲಿಕೋವರ್ಪಾ ಆರ್ಮಿಜೆರಾ, ಹಸಿರು, ಕಂದು, ಹಳದಿ, ತಿಳಿಗೆಂಪು ಹೀಗೆ ಎಲ್ಲ ಬಣ್ಣಗಳಲ್ಲಿಯೂ ಬರುತ್ತದೆ. ಒಂದೇ ತಾಯಿಯ ಮೊಟ್ಟೆಗಳಿಂದ ಬಂದವು ಕೂಡ ಬೇರೆ ಬೇರೆ ಬಣ್ಣಕ್ಕೆ ತಿರುಗಬಹುದು. ಆದ್ದರಿಂದ ಮೊದಲು ಬಣ್ಣವನ್ನು ಬದಿಗಿಡಬೇಕು. ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಹರಿದಿರುವ ಗಾಢ ಗೀಟು, ಅದರ ಕೆಳಗಿನ ತಿಳಿ ಗೀಟು, ಮೈಮೇಲೆ ಅಲ್ಲಲ್ಲಿ ನಿಂತ ಸಣ್ಣ ಕೂದಲು, ಪೂರ್ಣ ಐದು ಜೋಡಿ ಹುಸಿಗಾಲು, ಇವು ಅದರ ಗುರುತುಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಅದು ತಿನ್ನುವ ರೀತಿ. ಕಾಯಿಯಲ್ಲಿ ದುಂಡನೆಯ ತೂತು ಕೊರೆದು, ತಲೆಯನ್ನು ಒಳಗಿಟ್ಟು, ಮೈಯನ್ನು ಹೊರಗೇ ಬಿಟ್ಟುಕೊಂಡು ಕಾಳು ತಿನ್ನುತ್ತದೆ. ಒಂದು ಕಾಳು ಮುಗಿದರೆ ಮುಂದಿನ ಕಾಳಿನ ನೇರಕ್ಕೆ ಮತ್ತೊಂದು ತೂತು.

ಅದೇ ತೊಗರಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಬೆಳೆಯದ, ಹಸಿರುಗಂದು ಬಣ್ಣದ, ಮೈಸುತ್ತಲೂ ಗಿಡ್ಡ ಮುಳ್ಳುಕೂದಲಿನ ಅಂಚು ಇರುವ ಹುಳು ಕಂಡರೆ ಅದು ಗರಿಪತಂಗದ ಮರಿ. ಅದರ ಕೋಶವೂ ಹುಳುವಿನಂತೆಯೇ ಕೂದಲು ಹೊತ್ತು ಕಾಯಿಯ ಹೊರಮೈಗೆ ಅಂಟಿಕೊಂಡಿರುತ್ತದೆ. ಔಷಧಿ ಹೊಡೆದರೂ ಹುಳು ಸತ್ತಿಲ್ಲ, ಅಲ್ಲೇ ಕುಳಿತಿದೆ ಎಂದು ರೈತರು ತೋರಿಸುವುದು ಅನೇಕ ಸಲ ಈ ಕೋಶವನ್ನೇ. ಹೂವು, ಮೊಗ್ಗು, ಎಳೆಗಾಯಿಗಳನ್ನು ನೂಲಿನಿಂದ ಹೆಣೆದು ಒಂದು ಗೊಂಚಲು ಮಾಡಿ, ಒಳಗೆ ಕುಳಿತು ತಿನ್ನುವ, ತಿಳಿಬಣ್ಣದ ಮೈಮೇಲೆ ಜೋಡಿ ಜೋಡಿಯಾಗಿ ಕಪ್ಪು ಚುಕ್ಕೆಗಳಿರುವ ಹುಳು ಮರೂಕಾ. ನೂಲಿನ ಹೆಣಿಗೆ ಇದ್ದಲ್ಲಿ ಮೊದಲ ಸಂಶಯ ಅದರ ಮೇಲೆಯೇ ಇರಲಿ. ಇನ್ನು ಕಾಯಿಯ ಹೊರಗೆ ಏನೂ ಕಾಣದೆ, ಬಿಡಿಸಿದಾಗ ಕಾಳಿನ ಮೇಲೆ ಕಾಲೂ ಇಲ್ಲದ, ತಲೆಯೂ ಕಾಣದ ಬಿಳಿ ಹುಳು ಸಿಕ್ಕರೆ ಅದು ಕಾಯಿನೊಣದ ಮರಿ. ಅದು ಚಿಟ್ಟೆ, ಪತಂಗಗಳ ಲೆಕ್ಕಕ್ಕೇ ಬರುವುದಿಲ್ಲ.

ಐದನೆಯದೊಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಹಸಿರಾದ, ಚಪ್ಪಟೆಯಾದ, ತಲೆಯನ್ನು ಮೈಯೊಳಗೆ ಎಳೆದುಕೊಂಡು ನಿಧಾನವಾಗಿ ಜಾರುವ ಹುಳು. ಅದರ ಬಳಿ ಇರುವೆಗಳು ಓಡಾಡುತ್ತಿರಬಹುದು. ಅದು ಪೀ ಬ್ಲೂ ಎಂಬ ನೀಲಿ ಚಿಟ್ಟೆಯ ಮರಿ. ಅದೂ ಹೂವು ಮತ್ತು ಕಾಯಿಯನ್ನೇ ತಿನ್ನುತ್ತದೆ, ಆದರೆ ಸಾಮಾನ್ಯವಾಗಿ ಕಾಯಿಕೊರಕದಷ್ಟು ಹಾನಿ ಮಾಡುವುದಿಲ್ಲ.

ಮೂರು ಬಣ್ಣಕ್ಕೆ ಮೂರು ಔಷಧಿ ಎನ್ನುವುದು ಯಾವ ರೀತಿಯಿಂದಲೂ ಸರಿಯಲ್ಲ. ಸಿಂಪಡಣೆಯ ತೀರ್ಮಾನವನ್ನು ತಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ಹುಳು ತೋರಿಸಿ, ಗಿಡಕ್ಕೆ ಎಷ್ಟಿವೆ ಎಂದು ಎಣಿಸಿ ಮಾಡಬೇಕು. ನಮ್ಮ ಭಾಗದ ರೈತರು ಗಿಡ ಬಾಗಿಸಿ, ಕೆಳಗೆ ಬಟ್ಟೆಯನ್ನೋ ತಾಡಪತ್ರಿಯನ್ನೋ ಹಾಸಿ, ಅಲುಗಾಡಿಸಿ ಕೀಡೆ ಬೀಳಿಸುವ ಪದ್ಧತಿ ಎಣಿಕೆಗೂ ಬಹಳ ಒಳ್ಳೆಯದು. ಹಾಗೆ ಬಿದ್ದವನ್ನು ಒಮ್ಮೆ ಕೂತು ನೋಡಿದರೆ ಮೇಲೆ ಹೇಳಿದವುಗಳಲ್ಲಿ ಎಷ್ಟು ಬಗೆ ಇವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆಳಂದದ ತೊಗರಿ ರೈತ:

ತಿಳಿಯಿತು ಸರ್. ತಲೆ ಒಳಗೆ, ಮೈ ಹೊರಗೆ ಇರುವುದೇ ನಮ್ಮಲ್ಲಿ ಹೆಚ್ಚು. ಗೊಂಚಲು ಕಟ್ಟಿದ್ದೂ ಬದುವಿನ ಕಡೆ ಇದೆ. ನಾಳೆ ತಾಡಪತ್ರಿ ಹಾಸಿ ನೋಡುತ್ತೇನೆ.

ಯಾದಗಿರಿ ಸಸ್ಯಶಾಸ್ತ್ರ ಉಪನ್ಯಾಸಕ:

ಚರ್ಚೆ ಒಳ್ಳೆಯ ದಾರಿಯಲ್ಲಿ ಸಾಗಿದೆ. ಸಸ್ಯಗಳನ್ನು ಓದಿದವನಾಗಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಹುಳುವಿನ ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದರ ಜೊತೆಗೆ ಗಿಡದ ಎಲೆ, ಹೂವು ಅಥವಾ ಕಾಯಿಯ ಚಿತ್ರ ಇಲ್ಲದಿದ್ದರೆ ಆ ದಾಖಲೆ ಅರ್ಧ ಮಾತ್ರ. ಹೆಚ್ಚಿನ ಚಿಟ್ಟೆಗಳು ಕೆಲವೇ ಗಿಡಗಳ ಮೇಲೆ ಮೊಟ್ಟೆಯಿಡುತ್ತವೆ. ಗಿಡ ತಿಳಿದರೆ ನೂರಾರು ಸಾಧ್ಯತೆಗಳು ನಾಲ್ಕೈದಕ್ಕೆ ಇಳಿಯುತ್ತವೆ.

ಉದಾಹರಣೆಗೆ ನಮ್ಮ ಎರೆಹೊಲಗಳ ಬದುವಿನಲ್ಲಿ ತಾನಾಗಿ ಬೆಳೆಯುವ ಬಾವಂಚಿಯನ್ನು ನೋಡಿ. ಅದರ ಮೇಲೆ ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ, ಬಲಿತ ಮೇಲೆ ಹಸಿರಾಗುವ, ಕೆಣಕಿದರೆ ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲುಕೊಂಬನ್ನು ಹೊರಹಾಕಿ ಘಾಟು ವಾಸನೆ ಬಿಡುವ ಹುಳು ಸಿಗುತ್ತದೆ. ಅದು ನಿಂಬೆ ಚಿಟ್ಟೆಯ ಮರಿ. ಅದೇ ಹುಳು ನಿಂಬೆ, ಕರಿಬೇವು, ಪತ್ರಿಗಿಡಗಳ ಮೇಲೂ ಇರುತ್ತದೆ. ಆದರೆ ಕರಿಬೇವಿನ ಮೇಲೆ ಸಿಕ್ಕರೆ ಅದು ಕಾಮನ್ ಮಾರ್ಮನ್ ಚಿಟ್ಟೆಯ ಮರಿಯೂ ಆಗಿರಬಹುದು. ಎರಡರ ರೂಪ ಬಹಳ ಹತ್ತಿರ. ಬಾವಂಚಿಯ ಮೇಲೆ ಆ ಗೊಂದಲವಿಲ್ಲ. ಬಾವಂಚಿ ದ್ವಿದಳ ಧಾನ್ಯಗಳ ಕುಟುಂಬದ್ದು, ಮಾರ್ಮನ್ ನಿಂಬೆಯ ಕುಟುಂಬ ಬಿಟ್ಟು ಅತ್ತ ಹೋಗುವುದಿಲ್ಲ. ರೂಪದಿಂದ ಬಗೆಹರಿಯದ್ದು ಗಿಡದಿಂದ ಬಗೆಹರಿಯಿತು.

ಹೀಗೆಯೇ ತಂಗಡಿ ಮತ್ತು ಕಕ್ಕೆಯ ಮೇಲಿನ ಹಸಿರು ಹುಳುಗಳು ಬಹುಮಟ್ಟಿಗೆ ಎಮಿಗ್ರಂಟ್ ಚಿಟ್ಟೆಗಳವು. ಸೀತಾಫಲ ಮತ್ತು ರಸ್ತೆಬದಿಯ ಎತ್ತರದ ಅಶೋಕದ ಮೇಲಿನ, ಎದೆಯ ಭಾಗ ದಪ್ಪಗೆ ಉಬ್ಬಿದ ಹುಳು ಟೇಲ್ಡ್ ಜೇ ಚಿಟ್ಟೆಯದಾಗಿರಬಹುದು.

ಬೀದರ ಛಾಯಾಗ್ರಾಹಕ:

ಉಪನ್ಯಾಸಕರ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಗಿಡವನ್ನೇ ಮೊದಲು ಹಿಡಿದರೆ ದಾರಿ ತಪ್ಪುವ ಸಂದರ್ಭಗಳೂ ಇವೆ. ಕಾಯಿಕೊರಕವನ್ನೇ ನೋಡಿ: ತೊಗರಿ, ಕಡಲೆ, ಹತ್ತಿ, ಸೂರ್ಯಕಾಂತಿ, ಟೊಮ್ಯಾಟೊ, ಬೆಂಡೆ, ಚೆಂಡುಹೂ, ಯಾವುದನ್ನೂ ಬಿಡುವುದಿಲ್ಲ. ಅದು ಕೂತ ಗಿಡದಿಂದ ಅದರ ಹೆಸರು ಹೇಗೆ ತಿಳಿಯಬೇಕು? ಎರಡನೆಯದಾಗಿ, ಬಲಿತ ಹುಳು ಕೋಶ ಕಟ್ಟುವ ಮುನ್ನ ಆಹಾರದ ಗಿಡವನ್ನು ಬಿಟ್ಟು ದೂರ ನಡೆದುಹೋಗುತ್ತದೆ. ಆಗ ಗೋಡೆಯ ಮೇಲೋ ಬೇರೆ ಯಾವುದೋ ಗಿಡದ ಮೇಲೋ ಸಿಗುತ್ತದೆ. ಅದನ್ನು ಕಂಡವರು ಆ ಗಿಡವನ್ನೇ ಆಹಾರವೆಂದು ಬರೆದರೆ ತಪ್ಪು ದಾಖಲೆ ಬೆಳೆಯುತ್ತ ಹೋಗುತ್ತದೆ.

ಯಾದಗಿರಿ ಸಸ್ಯಶಾಸ್ತ್ರ ಉಪನ್ಯಾಸಕ:

ಆಕ್ಷೇಪ ಸರಿಯಾಗಿಯೇ ಇದೆ, ಒಪ್ಪುತ್ತೇನೆ. ಆದ್ದರಿಂದಲೇ ಹುಳು ಕೂತ ಗಿಡ ಮತ್ತು ಹುಳು ತಿಂದ ಗಿಡ ಎಂದು ಎರಡನ್ನು ಬೇರೆಯಾಗಿ ಬರೆಯಬೇಕು. ತಿಂದದ್ದನ್ನು ಕಣ್ಣಾರೆ ಕಂಡಿದ್ದರೆ, ಇಲ್ಲವೆ ಅದೇ ಎಲೆಯಲ್ಲಿ ಹೊಸ ಕಚ್ಚಿನ ಗುರುತು ಮತ್ತು ಕೆಳಗೆ ಹಸಿ ಹಿಕ್ಕೆ ಇದ್ದರೆ ಮಾತ್ರ ಆಹಾರದ ಗಿಡವೆಂದು ದಾಖಲಿಸಬೇಕು.

ಇದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ, ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಮಾವಿನ ಮರದ ಮೇಲೆ ಹುಳು ಸಿಕ್ಕಿತು ಎಂದು ಬರೆಯುವ ಮುನ್ನ ಕೊಂಬೆಯನ್ನು ಸರಿಯಾಗಿ ನೋಡಬೇಕು. ನಮ್ಮ ಹಳೆಯ ಮಾವಿನ ಮರಗಳಲ್ಲಿ ಬದನಿಕೆ, ಅಂದರೆ ಮರದ ಕೊಂಬೆಯ ಮೇಲೆಯೇ ಬೇರೂರಿ ಬೆಳೆಯುವ ಪರಾವಲಂಬಿ ಗಿಡ, ತುಂಬಿಕೊಂಡಿರುತ್ತದೆ. ಕರಿತಲೆಯ, ಹಳದಿಗಂದು ಬಣ್ಣದ, ಬಿಳಿ ಕೂದಲಿನ ಹುಳುಗಳು ಗುಂಪುಗುಂಪಾಗಿ ಸಾಲುಹಿಡಿದು ತಿನ್ನುತ್ತಿದ್ದರೆ ಅವು ಮಾವನ್ನು ತಿನ್ನುತ್ತಿಲ್ಲ, ಬದನಿಕೆಯನ್ನು ತಿನ್ನುತ್ತಿವೆ. ಅವು ಕಾಮನ್ ಜೆಜೆಬೆಲ್ ಚಿಟ್ಟೆಯ ಮರಿಗಳು. ಗರಿಗವಲಿನ ಹಸಿರು ಹುಳು ಮಾವಿನ ಎಲೆಯ ಮೇಲಿದ್ದರೆ ಅದು ಕಾಮನ್ ಬ್ಯಾರನ್, ಅದೇ ಮರದ ಬದನಿಕೆಯ ಎಲೆಯ ಮೇಲಿದ್ದರೆ ಗಾಡಿ ಬ್ಯಾರನ್. ಮರ ಒಂದೇ, ಕೊಂಬೆ ಒಂದೇ, ಹುಳು ಬೇರೆ.

ಶಿಕ್ಷಕಿಯವರ ಮೂರನೆಯ ಹುಳುವಿಗೂ ಇದೇ ನೆಲೆಯಿಂದ ಉತ್ತರ ಸಿಗುತ್ತದೆ. ಬೀಡಿ ಎಲೆ ಮರದ ಮೇಲೆ ಅಂತಹ ಗರಿಗವಲಿನ ಹಸಿರು ಹುಳು ಇದ್ದರೆ ಅದು ಬ್ಯಾರನೆಟ್ ಚಿಟ್ಟೆಯದಾಗಿರಬೇಕು. ಚಿಂಚೋಳಿಯ ಎಲೆಯುದುರುವ ಕಾಡಿಗೆ ಅದು ಹೊಂದುವ ಚಿಟ್ಟೆಯೇ. ಆದರೆ ಆ ಮರ ನಿಜವಾಗಿಯೂ ಬೀಡಿ ಎಲೆಯದೇ ಎಂಬುದನ್ನು ಎಲೆಯ ಚಿತ್ರ ಕಳಿಸಿ ಖಚಿತಪಡಿಸಬೇಕು.

ಶೋರಾಪುರ ವಿದ್ಯಾರ್ಥಿನಿ:

ಗುರುಗಳೆ, ನಾನು ಬಿಎಸ್ಸಿ ಓದುತ್ತಿದ್ದೇನೆ. ನಮ್ಮ ಹಿತ್ತಲಿನ ಗೋಣಿ ಸೊಪ್ಪಿನಲ್ಲಿ ಮುಳ್ಳಿರುವ ಕಪ್ಪು ಹುಳು ಇತ್ತು. ಅಮ್ಮ ಸೊಪ್ಪು ಕೊಯ್ಯಲು ಹೆದರಿದರು. ಡಬ್ಬಿಯಲ್ಲಿ ಇಟ್ಟು ಸಾಕಿದೆ. ಅದರಿಂದ ಹೊರಬಂದ ಚಿಟ್ಟೆ ಕಿತ್ತಳೆ ಬಣ್ಣದ್ದು, ರೆಕ್ಕೆಯ ತುದಿ ಕಪ್ಪು, ಥೇಟ್ ಪ್ಲೇನ್ ಟೈಗರ್. ಆದರೆ ಮೇಲೆ ಪ್ಲೇನ್ ಟೈಗರ್ ಹುಳುವಿಗೆ ಮುಳ್ಳಿಲ್ಲ, ಅದು ಎಕ್ಕೆಯ ಮೇಲಿರುತ್ತದೆ ಎಂದು ಬರೆದಿದ್ದಾರೆ. ಇದು ಹೇಗೆ?

ಬೀದರ ಛಾಯಾಗ್ರಾಹಕ:

ತಂಗಿ, ನೀನು ಸಾಕಿ ನೋಡಿದ್ದಕ್ಕೆ ಬಹಳ ಸಂತೋಷವಾಯಿತು. ನಿನ್ನದು ಪ್ಲೇನ್ ಟೈಗರ್ ಅಲ್ಲ, ಡನಾಯ್ಡ್ ಎಗ್‌ಫ್ಲೈ ಎಂಬ ಬೇರೆ ಚಿಟ್ಟೆಯ ಹೆಣ್ಣು. ಎಕ್ಕೆಯನ್ನು ತಿಂದು ಬೆಳೆದ ಪ್ಲೇನ್ ಟೈಗರ್ ಮೈಯಲ್ಲಿ ಆ ಹಾಲಿನ ವಿಷ ಉಳಿದಿರುವುದರಿಂದ ಹಕ್ಕಿಗಳು ಅದನ್ನು ದೂರ ಇಡುತ್ತವೆ. ಗೋಣಿ ಸೊಪ್ಪು ತಿಂದು ಬೆಳೆದ ಎಗ್‌ಫ್ಲೈಯ ಹೆಣ್ಣಿಗೆ ಆ ವಿಷವಿಲ್ಲ. ಅದು ಪ್ಲೇನ್ ಟೈಗರ್‌ನ ರೂಪವನ್ನು ಹೊತ್ತು ಬದುಕುತ್ತದೆ. ಅದರ ಗಂಡು ಬೇರೆಯೇ ರೂಪದ್ದು: ಕಪ್ಪು ರೆಕ್ಕೆ, ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಬೊಟ್ಟುಗಳು. ಹಾರುವ ಚಿಟ್ಟೆಗಳೆರಡನ್ನು ಪಕ್ಕದಲ್ಲಿಟ್ಟರೂ ಹೊಸಬರಿಗೆ ಗೊಂದಲವಾಗುತ್ತದೆ. ಹುಳುವನ್ನು ಮತ್ತು ಗಿಡವನ್ನು ಕಂಡವರಿಗೆ ಆಗುವುದಿಲ್ಲ. ಅಮ್ಮನಿಗೆ ಹೇಳು, ಆ ಮುಳ್ಳು ಚುಚ್ಚಿ ಉರಿಸುವಂಥದ್ದಲ್ಲ.

ಚಿಂಚೋಳಿ ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ಮೂಲಂಗಿಯ ಹುಳುವಿನ ಹುಸಿಗಾಲುಗಳನ್ನು ಮಕ್ಕಳು ಎಣಿಸಿದರು, ಎಂಟು ಜೋಡಿಯೇ ಇವೆ. ಔಡಲದ ಹುಳುವಿನ ಮುಳ್ಳುಗಳಿಗೆ ಕವಲುಗಳಿದ್ದವು, ಮೈ ಉದ್ದವಾಗಿತ್ತು, ತಲೆಯ ಮೇಲೆ ಎರಡು ಕೊಂಬುಗಳಿದ್ದವು. ಬೀಡಿ ಎಲೆ ಮರದ ಎಲೆಯ ಚಿತ್ರವನ್ನೂ ಕಳಿಸಿದ್ದೇನೆ. ಒಂದು ಪ್ರಶ್ನೆ ಉಳಿದಿದೆ: ಯಾವ ಹುಳುವನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಮಕ್ಕಳಿಗೆ ಹೇಗೆ ಹೇಳಲಿ? ಎಲ್ಲವನ್ನೂ ಕಂಬಳಿಹುಳು ಎಂದು ಹೆದರುವುದೂ ಬೇಡ, ಧೈರ್ಯ ಮಾಡಿ ಕೈ ಸುಟ್ಟುಕೊಳ್ಳುವುದೂ ಬೇಡ.

ಕಲಬುರಗಿ ಕೀಟಶಾಸ್ತ್ರ:

ತಮ್ಮ ಔಡಲದ ಹುಳು ಕಾಮನ್ ಕ್ಯಾಸ್ಟರ್ ಚಿಟ್ಟೆಯ ಮರಿ. ಅದು ಚುಚ್ಚುವುದಿಲ್ಲ. ಆದರೆ ಅದೇ ಔಡಲದ ಎಲೆಯಡಿಯಲ್ಲಿ ಗಿಡ್ಡನೆಯ, ದಪ್ಪನೆಯ, ತಿಳಿಹಸಿರಿನ, ಬೆನ್ನ ಮೇಲೆ ನೀಲಿ ಗೀಟು ಇರುವ, ಕಾಲುಗಳೇ ಕಾಣದೆ ಜಾರಿಕೊಂಡು ಹೋಗುವ ಮುಳ್ಳುಹುಳು ಇದ್ದರೆ ಅದನ್ನು ಯಾರೂ ಮುಟ್ಟಬಾರದು. ಅದರ ಮುಳ್ಳುಗಳಲ್ಲಿ ವಿಷವಿದೆ, ತಾಗಿದೊಡನೆ ಬೆಂಕಿ ಇಟ್ಟಂತೆ ಉರಿಯುತ್ತದೆ. ಅದು ಮಾವಿನ ಎಲೆಯ ಮೇಲೂ ಇರುತ್ತದೆ. ಆ ಎರಡನ್ನೂ ಬಿಟ್ಟು ಔಡಲದಲ್ಲಿ ನುಣುಪಾದ, ಬೂದುಗಪ್ಪಿನ, ಅರ್ಧ ಗೇಣು ಹಾಕುತ್ತ ನಡೆಯುವ ಹುಳುಗಳು ಎಲೆಯ ನರ ಮಾತ್ರ ಉಳಿಸಿ ತಿಂದಿದ್ದರೆ ಅದು ಔಡಲದ ಕೊಂಡಿಹುಳು, ರೈತನಿಗೆ ಶತ್ರು, ಕೈಗೆ ನಿರುಪದ್ರವಿ.

ಮಕ್ಕಳಿಗೆ ಒಂದೇ ನಿಯಮ ಸಾಕು: ಮೈಮೇಲೆ ಕೂದಲು ಅಥವಾ ಮುಳ್ಳು ಇರುವ ಯಾವುದನ್ನೂ ಬರಿಗೈಯಿಂದ ಮುಟ್ಟಬಾರದು, ಅದು ಕೂತ ಎಲೆಯನ್ನೇ ಕಿತ್ತು ತರಬೇಕು. ಅದರಲ್ಲಿ ಹೆಚ್ಚಿನವು ನಿರಪಾಯಕಾರಿ ಎಂಬುದು ನಿಜ, ಆದರೆ ಯಾವುದು ಎಂದು ಬೇರ್ಪಡಿಸುವ ಕೆಲಸವನ್ನು ದೊಡ್ಡವರಿಗೆ ಬಿಡುವುದು ಲೇಸು. ನುಗ್ಗೆಯ ಬೊಡ್ಡೆಯ ಮೇಲೆ ಗುಂಪಾಗಿ ಅಂಟಿಕೊಂಡಿರುವ ಕೂದಲುಹುಳುಗಳ ಬಳಿ ಮಕ್ಕಳು ಆಡದಂತೆ ನೋಡಿಕೊಳ್ಳಿ. ಕೂದಲು ತಾಗಿದ ಜಾಗವನ್ನು ತಿಕ್ಕಬಾರದು. ಅಂಟುಪಟ್ಟಿಯನ್ನು ಒತ್ತಿ ಕಿತ್ತು ಕೂದಲು ತೆಗೆಯಬೇಕು, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಸಾಕಿ ನೋಡುವುದಾದರೆ ಡಬ್ಬಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಹುಳು ಸಿಕ್ಕ ಗಿಡದ ಎಲೆಯನ್ನೇ ದಿನವೂ ಹೊಸದಾಗಿ ಹಾಕಿ, ಹಿಕ್ಕೆಯನ್ನು ತೆಗೆಯುತ್ತಿರಬೇಕು. ನೀರಿನ ಬಟ್ಟಲು ಬೇಡ, ಎಲೆಯ ರಸವೇ ಅದಕ್ಕೆ ಸಾಕು. ಪೊರೆ ಕಳಚುವ ಮುನ್ನ ಹುಳು ತಿನ್ನದೆ ಅಲುಗಾಡದೆ ಕೂರುತ್ತದೆ. ಆಗ ಅದನ್ನು ಸತ್ತಿದೆ ಎಂದು ಎಸೆಯಬಾರದು, ಎಬ್ಬಿಸಲೂ ಬಾರದು. ಎಳ್ಳಿನ ಗಿಡದ ಮೇಲಿನ, ಬಾಲದಲ್ಲಿ ಕೊಂಬಿರುವ ದೊಡ್ಡ ಹುಳುವನ್ನು ಸಾಕುವುದಾದರೆ ಡಬ್ಬಿಯಲ್ಲಿ ನಾಲ್ಕು ಬೆರಳಿನಷ್ಟು ಸಡಿಲ ಮಣ್ಣು ಹಾಕಿರಬೇಕು, ಏಕೆಂದರೆ ಅದು ಮಣ್ಣಿನೊಳಗೆ ಹೋಗಿ ಕೋಶವಾಗುತ್ತದೆ.

ಸಾಕಿದ ಹುಳುವಿನ ಕೋಶದಿಂದ ಚಿಟ್ಟೆಯ ಅಥವಾ ಪತಂಗದ ಬದಲು ಸಣ್ಣ ಕಣಜವೋ ನೊಣವೋ ಬಂದರೆ ಮಕ್ಕಳು ನಿರಾಶರಾಗದಿರಲಿ. ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಬೆಳೆಯುವ ಪರತಂತ್ರ ಜೀವಿಗಳವು. ತೊಗರಿಯ ಕಾಯಿಕೊರಕವನ್ನು ಹತೋಟಿಯಲ್ಲಿಡುವವರಲ್ಲಿ ಇಂತಹ ಕಣಜಗಳ ಪಾತ್ರ ದೊಡ್ಡದು. ಯಾವ ಹುಳುವಿನಿಂದ ಯಾವ ಕಣಜ ಬಂತು ಎಂಬ ದಾಖಲೆಗೆ ಚಿಟ್ಟೆಯ ದಾಖಲೆಯಷ್ಟೇ ಬೆಲೆ ಇದೆ. ವನ್ಯಜೀವಿಧಾಮದ ಗಡಿಯೊಳಗಿನ ಹುಳುಗಳನ್ನು ಮಾತ್ರ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತರಬಾರದು. ಅಲ್ಲಿ ಚಿತ್ರ ತೆಗೆದು ಬಿಡುವುದೇ ಸರಿ.

ಆಳಂದದ ತೊಗರಿ ರೈತ:

ಸರ್, ತಾಡಪತ್ರಿ ಹಾಸಿ ನಾಲ್ಕು ಕಡೆ ಗಿಡ ಅಲುಗಾಡಿಸಿದೆ. ಹೆಚ್ಚಿನವು ಗೀಟಿನ ಕೀಡೆಯೇ. ಗೊಂಚಲಿನೊಳಗೆ ಚುಕ್ಕೆಯ ಹುಳುವೂ ಸಿಕ್ಕಿತು. ಎರಡು ಕೀಡೆಗಳು ಗಿಡದ ತುದಿಯಲ್ಲಿ ತಲೆಕೆಳಗಾಗಿ ಜೋತುಬಿದ್ದು ಸತ್ತಿದ್ದವು, ಮೈ ನೀರಾಗಿತ್ತು. ಇದೇನು? ನಾವು ಇನ್ನೂ ಏನೂ ಹೊಡೆದಿಲ್ಲ.

ಕಲಬುರಗಿ ಕೀಟಶಾಸ್ತ್ರ:

ಅಣ್ಣಾವ್ರೆ, ಅದು ಎನ್‌ಪಿವಿ ಎಂಬ ನಂಜಾಣುವಿನ ರೋಗದ ಲಕ್ಷಣ. ರೋಗ ತಗಲಿದ ಕೀಡೆ ಗಿಡದ ತುದಿಗೆ ಏರಿ, ಹಿಂಗಾಲಿನಿಂದ ಜೋತುಬಿದ್ದು ಸಾಯುತ್ತದೆ. ಅದರ ಮೈಯಿಂದ ಸೋರಿದ ರಸ ಕೆಳಗಿನ ಎಲೆಗಳಿಗೆ ತಗಲಿ, ಅದನ್ನು ತಿಂದ ಕೀಡೆಗಳಿಗೂ ರೋಗ ಹರಡುತ್ತದೆ. ಅವುಗಳನ್ನು ಕಿತ್ತೆಸೆಯಬೇಡಿ, ಅಲ್ಲಿಯೇ ಬಿಡಿ. ಕೇಂದ್ರದವರ ಬಳಿ ಹೋಗುವಾಗ ಈ ಸಂಗತಿಯನ್ನು ತಪ್ಪದೆ ಹೇಳಿ; ಸಿಂಪಡಣೆಯ ತೀರ್ಮಾನದ ಮೇಲೆ ಅದು ಪರಿಣಾಮ ಬೀರುತ್ತದೆ.

ಯಾದಗಿರಿ ಸಸ್ಯಶಾಸ್ತ್ರ ಉಪನ್ಯಾಸಕ:

ಶಿಕ್ಷಕಿಯವರೆ, ಎಲೆಯ ಚಿತ್ರ ನೋಡಿದೆ. ಬೀಡಿ ಎಲೆ ಮರವೇ ಹೌದು. ಇನ್ನು ಹುಳು ಚಿಟ್ಟೆಯಾಗಿ ಬಂದಾಗ ರೆಕ್ಕೆಯ ಮೇಲ್ಮೈ ಕಿತ್ತಳೆಗೆಂಪಾಗಿದ್ದು ಕಪ್ಪು ಗುರುತುಗಳಿದ್ದರೆ ಬ್ಯಾರನೆಟ್ ಎಂದು ಧಾರಾಳವಾಗಿ ಬರೆದುಕೊಳ್ಳಿ. ಬರೆಯುವಾಗ ದಿನಾಂಕ, ಊರು, ಗಿಡದ ಹೆಸರು, ತಿಂದದ್ದು ಎಳೆ ಎಲೆಯೋ ಬಲಿತ ಎಲೆಯೋ ಎಂಬುದೂ ಇರಲಿ. ಕಾರವಾರದ ಕಡೆಯ ಹುಳುಗಳನ್ನು ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರು ಹಿಂದೆಯೇ ಸಾಕಿ ದಾಖಲಿಸಿದ್ದಾರೆ. ನಮ್ಮ ಒಣಸೀಮೆಯ ಗಿಡಗಳೇ ಬೇರೆ. ಜಾಲಿ, ತಂಗಡಿ, ಬಾವಂಚಿ, ಹುಲಗಲಗಳ ಮೇಲಿನ ಹುಳುಗಳ ದಾಖಲೆಯನ್ನು ಇಲ್ಲಿರುವವರೇ ಮಾಡಬೇಕು. ಮಕ್ಕಳು ಮುಂದೆ ಜಾಲಿಯನ್ನು ನೋಡಲಿ. ಅದರ ಕೊಂಬೆಯಲ್ಲಿ ಕಡ್ಡಿ, ಮುಳ್ಳುಗಳನ್ನು ಜೋಡಿಸಿ ಹೆಣೆದ ಚೀಲ ತೂಗುತ್ತಿದ್ದರೆ ಅದರೊಳಗೆ ಚೀಲದ ಹುಳುವಿರುತ್ತದೆ, ಹೂವಿನ ಮೊಗ್ಗುಗಳಲ್ಲಿ ಇರುವೆಗಳು ಕಾಯುತ್ತಿರುವ ಬಾಬುಲ್ ಬ್ಲೂ ಚಿಟ್ಟೆಯ ಸಣ್ಣ ಮರಿಗಳಿರುತ್ತವೆ.

ಚಿಂಚೋಳಿ ಶಿಕ್ಷಕಿ:

ಆಗಲಿ ಸರ್. ಶಾಲೆಯ ಹಿಂದೆಯೇ ಜಾಲಿಯ ಸಾಲು ಇದೆ. 7ನೆಯ ಮತ್ತು 8ನೆಯ ತರಗತಿಯವರಿಗೆ ಒಂದೊಂದು ಮರ ಹಂಚಿಕೊಡುತ್ತೇನೆ. ಗರಿಗವಲಿನ ಹುಳು ನಿನ್ನೆಯಿಂದ ತಿನ್ನುವುದನ್ನು ಬಿಟ್ಟಿದೆ, ಹಸಿರು ಕೊಂಚ ಮಾಸಿದೆ, ಡಬ್ಬಿಯ ಪರದೆಯ ಕಡೆಗೆ ಹತ್ತಿ ಕುಳಿತಿದೆ. ಕೋಶ ಕಟ್ಟಿದ ಮೇಲೆ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ.